ಹಸಿರುಮನೆಯ ಅನಿಲ ಯಾರು?

ಗಲ್ಫಿನ ಈ ಸೀಬಿಗೆ ಬಂದ ಮೇಲೆ ನನಗೆ ಸಿಟ್ಟು ಬರಿಸಲು ಯಾರೂ ಕಷ್ಟಪಡಬೇಕಾಗಿಲ್ಲ. ಮಗಳ ಶಾಲೆಯೇ ಆ ಕೆಲಸ ಮಾಡಿಕೊಡುತ್ತದೆ.

೧. ಮುಳುಗುವವರಿಗೆ ಮರ್ಯಾದೆ ಪಾಠ

ನಾಲ್ಕನೇ ಕ್ಲಾಸಿನ ಮಕ್ಕಳು ಒಂದೊಂದು ದೇಶವಾಗಿ ವೇದಿಕೆಯಲ್ಲಿ ನಿಂತು, ಹೊಗೆ ಹೇಗೆ ಕಡಿಮೆ ಮಾಡುತ್ತೇವೆಂದು ಹೇಳಬೇಕಿತ್ತು. ನನ್ನ ಮಗಳ ಪಾಲಿಗೆ ಬಂದದ್ದು ಒಂದು ಪುಟ್ಟ ದ್ವೀಪ ದೇಶ. ಪಾಪ, ಡೀಸೆಲ್ ಜನರೇಟರ್ ಬಿಟ್ಟು ಸೋಲಾರ್ ಹಾಕುತ್ತಾರಂತೆ, ದೋಣಿಗೂ ಬ್ಯಾಟರಿಯಂತೆ. ಕೊನೆಗೆ ಮಗಳು ತಾನೇ ಒಂದು ಸಾಲು ಸೇರಿಸಿದಳು: "ಹೊಗೆ ನಿಮ್ಮದು, ಮುಳುಗುವ ಮನೆ ನಮ್ಮದು."

ಟೀಚರ್ ಅದಕ್ಕೆ ಕೆಂಪು ಗೀಟು ಎಳೆದರು. ಮುಖ್ಯ ಅತಿಥಿಗಳಿಗೆ ಬೇಜಾರಾಗುತ್ತದಂತೆ, ನಗುತ್ತಾ ಥ್ಯಾಂಕ್ಯೂ ಅಂದರೆ ಸಾಕಂತೆ.

ಮಗಳು ಊಟ ಬಿಟ್ಟು ಕೂತಳು. "ಮಮ್ಮಿ, ಐ ಆಮ್ ಸಿಂಕಿಂಗ್! ವೈ ಥ್ಯಾಂಕ್ಯೂ?"

೨. ಎರಡು ಬೆರಳಷ್ಟು ಪರಿಸರ

ಮರುದಿನ ಜಗಳಕ್ಕೇ ಹೋದೆ. ಟೀಚರ್ "ಖಲಾಸ್, ಆ ಸಾಲು ಬೇಡ" ಎಂದು ಕಳಿಸಿದರು. ಉರಿಯುತ್ತಾ ಹೊರಗೆ ಬಂದರೆ, ಗೇಟಿನ ಮುಂದೆ ಸಾಲು ಸಾಲು ಕಾರು. ಎಲ್ಲದರದ್ದೂ ಎಂಜಿನ್ ಚಾಲೂ, ಎಸಿ ಚಾಲೂ. ಒಂದರೊಳಗೆ ನಮ್ಮ ಮಂಗಳೂರಿನವರೇ, ಮಗಳ ಕ್ಲಾಸಿನ ಹುಡುಗನ ಅಪ್ಪ. ಗಾಜು ತಟ್ಟಿದೆ. ಎರಡು ಬೆರಳಷ್ಟು ಇಳಿಯಿತು.

"ಎಂಜಿನ್ ಬಂದ್ ಮಾಡಿ ಮಾರಾಯ್ರೆ, ಮಕ್ಕಳು ಈ ಹೊಗೆಯಲ್ಲೇ ಬರಬೇಕಲ್ಲ!"

"ಬೇಗ ಹೇಳಿ ಅಕ್ಕಾ, ಗಾಜು ತೆಗೆದರೆ ಎಸಿ ವೇಸ್ಟ್. ಪರಿಸರಕ್ಕೆ ಒಳ್ಳೆಯದಲ್ಲ."

ಗಾಜು ಏರಿತು. ಪರಿಸರ ಉಳಿಯಿತು.

೩. ಅನಿಲ

ಮನೆಯಲ್ಲಿ ನನಗೆ ಬರುವ ಕನ್ನಡದಲ್ಲೇ ಮಗಳಿಗೆ ಅರ್ಥ ಹೇಳಿಕೊಡುತ್ತಿದ್ದೆ. "ಹಸಿರುಮನೆ ಅನಿಲ ಹೊರಗೆ ಬಿಡಬಾರದು!" ಮೇಜಿನ ಮೇಲಿದ್ದ ಫೋನಿನಲ್ಲಿ ಮಲ್ಪೆಯ ಅತ್ತೆ ಕೇಳಿಸಿಕೊಳ್ಳುತ್ತಿದ್ದರು.

"ಯಾವ ಅನಿಲ ಮಾರಾಯ್ತಿ? ಅವನನ್ನು ಯಾಕೆ ಕೂಡಿ ಹಾಕಿದ್ದು? ಅವನ ಮನೆಯವರಿಗೆ ಗೊತ್ತುಂಟಾ?"

"ಹುಡುಗ ಅಲ್ಲ ಅತ್ತೆ, ಗ್ಯಾಸ್! ದೊಡ್ಡ ದೇಶದವರು ಬಿಟ್ಟದ್ದು. ಅದರಿಂದ ಕಡಲು ಏರಿ ದ್ವೀಪದವರ ಮನೆ ಮುಳುಗುತ್ತದೆ. ಆದರೂ ಇವರೇ ಕಡಿಮೆ ಮಾಡಬೇಕಂತೆ, ಬಾಯಿ ಬಿಡಬಾರದಂತೆ!"

ಕಡಲ್ಕೊರೆತ ಕಣ್ಣಾರೆ ಕಂಡವರು ಅತ್ತೆ. ಸ್ವಲ್ಪ ಯೋಚಿಸಿ ಕೇಳಿದರು: "ಅಂದರೆ ಹೂಸು ಬಿಟ್ಟದ್ದು ಅವರು, ಮೂಗು ಮುಚ್ಚಿಕೊಂಡು ಕೂರಬೇಕಾದ್ದು ಇವರಾ?"

ಮಗಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕು ಮರೆತೆ. ಅವಳು ಮರೆಯಲಿಲ್ಲ.

ಗುರುವಾರ ವೇದಿಕೆಯಲ್ಲಿ ಸೋಲಾರ್, ದೋಣಿ ಎಲ್ಲ ಚೆನ್ನಾಗಿ ಹೇಳಿದಳು. ಟೀಚರ್ ಬೇಡವೆಂದ ಸಾಲನ್ನು ಬಾಯಿಗೇ ತರಲಿಲ್ಲ. ಅದರ ಬದಲು ಅಜ್ಜಿಯ ಮಾತನ್ನು ಸ್ಪಷ್ಟ ಇಂಗ್ಲಿಷಿನಲ್ಲಿ, ಮುಂದೆ ಕೂತ ಅತಿಥಿಗಳ ಕಡೆ ಬೆರಳು ತೋರಿಸಿ ಹೇಳಿದಳು.

ಮುಖ್ಯ ಅತಿಥಿಗಳು 'ನಾನಲ್ಲ' ಎಂಬಂತೆ ಪಕ್ಕದವರ ಕಡೆ ನೋಡಿದರು.