ದಯವಿಟ್ಟು ಒಂದು ದೂರು ಕೊಡಿ

ನನ್ನ ಕೆಲಸದಲ್ಲಿ ನಗು ಬರುವಂಥದ್ದು ವಾರಕ್ಕೊಂದಾದರೂ ನಡೆಯುತ್ತಲೇ ಇರುತ್ತದೆ. ನಡೆಯುವ ಹೊತ್ತಿನಲ್ಲಿ ಮಾತ್ರ ನನಗೆ ನಗು ಬಂದಿರುವುದಿಲ್ಲ, ಅಷ್ಟೇ.

ಹದಿನೆಂಟು ವರ್ಷ ದೊಡ್ಡಬಳ್ಳಾಪುರದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸಿದವಳು ನಾನು. ಮಕ್ಕಳು ಮಾತು ಕಲಿಯುವ ಮುಂಚೆ ಮೊಬೈಲ್ ಒತ್ತುವುದನ್ನು ಕಲಿಯತೊಡಗಿದ ಮೇಲೆ ನನ್ನ ಹತ್ತಿರ ಕಲಿಯಲು ಯಾರೂ ಬರಲಿಲ್ಲ. ಬೋರ್ಡ್ ಇಳಿಸಿ ಅಟ್ಟಕ್ಕೆ ಹಾಕಿದೆ. ಆಗ ಬೆಂಗಳೂರಿನ ಒಂದು ಪುಟ್ಟ ಕಂಪನಿಯವರು ಕರೆದರು. ಅವರು ಹೊಸದೊಂದು ಆಪರೇಟಿಂಗ್ ಸಿಸ್ಟಮ್ ಮಾಡಿದ್ದರು. ಸ್ವಿಚ್ ಒತ್ತಿದ ಕೂಡಲೇ ತಾನು ಮೊದಲು ಎದ್ದು, ಕಂಪ್ಯೂಟರಿನ ಉಳಿದ ಕೆಲಸಗಳನ್ನೆಲ್ಲ ಎಬ್ಬಿಸುವ ಮನೆಯ ಯಜಮಾನಿ ಅದು. ಪೂರ್ತಿ ಕನ್ನಡದಲ್ಲಿತ್ತು. ಮಾರುಕಟ್ಟೆಗೆ ಬಿಡುವ ಮುಂಚೆ ಗ್ರಾಮಾಂತರ ಜಿಲ್ಲೆಯ ಇಪ್ಪತ್ತು ಕಂಪ್ಯೂಟರುಗಳಿಗೆ ಅದನ್ನು ಹಾಕಿ, ಲೈಸೆನ್ಸ್ ಕರಾರಿಗೆ ಒಪ್ಪಿಗೆ ಪಡೆದು, ಮೂರು ತಿಂಗಳು ಏನೇನು ಕೆಡುತ್ತದೆ ಎಂದು ಬರೆಸಿಕೊಂಡು ಬರುವುದು ನನ್ನ ಕೆಲಸ.

ಮ್ಯಾನೇಜರ್ ನನ್ನ ಮಗನಿಗಿಂತ ಆರೇಳು ವರ್ಷ ದೊಡ್ಡವನಿರಬೇಕು. ಒಳ್ಳೆಯ ಹುಡುಗ. ಮೊದಲ ದಿನವೇ ನೇರವಾಗಿ ಹೇಳಿಬಿಟ್ಟ. ದೂರೇ ಬರಲಿಲ್ಲ ಅಂದರೆ ಯಾರೂ ಬಳಸುತ್ತಿಲ್ಲ ಎಂದರ್ಥ. ಮೂರು ತಿಂಗಳಲ್ಲಿ ಜನರ ಕೈಬರಹದಲ್ಲಿ ಒಂದೇ ಒಂದು ದೂರಾದರೂ ಬರದಿದ್ದರೆ ಗ್ರಾಮಾಂತರದ ಪರೀಕ್ಷೆಯನ್ನು ನಿಲ್ಲಿಸುತ್ತಾರೆ, ನನ್ನ ಕೆಲಸವೂ ಅಲ್ಲಿಗೆ ಮುಗಿಯಿತು. ನನಗೆ ಆ ಕೆಲಸ ಬೇಕೇ ಬೇಕಿತ್ತು. ಆದರೂ ಒಳಗೊಳಗೇ ನಕ್ಕೆ. ಬಸ್ಸಿನ ಮೇಲೆ, ಕರೆಂಟಿನ ಮೇಲೆ, ಸೊಸೆಯ ಮೇಲೆ, ಸೊಸೆ ಮಾಡಿದ ಸಾರಿನ ಮೇಲೆ ದೂರು ಹೇಳುವ ಜನ ನಮ್ಮವರು. ಕಂಪನಿ ಕೊಟ್ಟ ದೂರಿನ ಪುಸ್ತಕ ಒಂದು ವಾರಕ್ಕೆ ತುಂಬುತ್ತದೆ ಎಂದುಕೊಂಡೆ.

೧. ನಾಲ್ಕು ದಿಕ್ಕು

ದೇವನಹಳ್ಳಿಯಲ್ಲಿ ರಿಜಿಸ್ಟ್ರಾರ್ ಆಫೀಸಿನ ಹತ್ತಿರ ಒಬ್ಬ ಹಿರಿಯ ಪತ್ರ ಬರಹಗಾರರಿದ್ದಾರೆ. ಜಮೀನಿನ ಕ್ರಯಪತ್ರ, ದಾನಪತ್ರ, ಭಾಗಪತ್ರ ಬರೆದು ಬರೆದು ಬೆರಳು ಸೊಟ್ಟಗಾದವರು. ಮೊದಲು ಅವರ ಕಂಪ್ಯೂಟರಿಗೇ ಹೊಸ ಸಿಸ್ಟಮ್ ಹಾಕಿದೆ. ಪರದೆಯ ಮೇಲೆ ಉದ್ದನೆಯ ಲೈಸೆನ್ಸ್ ಕರಾರು ಬಂತು, ಕೆಳಗೆ ‘ಒಪ್ಪುತ್ತೇನೆ’ ಎಂಬ ಗುಂಡಿ. ನಾನು ಜೀವಮಾನವೆಲ್ಲ ಆ ಗುಂಡಿ ಒತ್ತಿಕೊಂಡೇ ಬಂದವಳು. ಕೈ ತಾನಾಗಿ ಹೋಯಿತು. ಅವರು ತಕ್ಷಣ ಮೌಸಿನ ಮೇಲೆ ಅಂಗೈ ಮುಚ್ಚಿ, ಓದಿದ್ಯೇನಮ್ಮಾ ಎಂದು ಕೇಳಿದರು. ಇದನ್ನು ಯಾರೂ ಓದುವುದಿಲ್ಲ ಎಂದೆ. ಓದದೆ ಸಹಿ ಹಾಕಿ ಜಮೀನು ಕಳೆದುಕೊಂಡವರನ್ನು ದಿನಾ ನೋಡುವ ಮನುಷ್ಯ ಅವರು. ನನ್ನನ್ನೂ ಆ ಸಾಲಿಗೆ ಸೇರಿಸಿ ಒಂದು ಸಲ ನೋಡಿದರು.

ಮೂವತ್ತನಾಲ್ಕು ಪುಟ ಪ್ರಿಂಟ್ ತೆಗೆದು, ಕೆಂಪು ಪೆನ್ನು ಹಿಡಿದು ಎರಡು ದಿನ ಓದಿದರು. ಮೂರನೆಯ ದಿನ ಹೋದಾಗ, ಭಾಷೆ ಪರವಾಗಿಲ್ಲ, ಆದರೆ ಪತ್ರ ನಿಲ್ಲುವುದಿಲ್ಲ ಎಂದರು. ಯಾಕೆಂದು ಕೇಳಿದೆ.

“ಚಕ್ಕುಬಂದಿ ಎಲ್ಲಮ್ಮಾ? ಕೊಡ್ತಿರೋ ಸ್ವತ್ತಿನ ನಾಲ್ಕು ದಿಕ್ಕಿಗೆ ಏನೇನಿದೆ ಅಂತ ಬರೀದೆ ಇರೋ ಪತ್ರಕ್ಕೆ ನಾನು ಒಪ್ಪಲ್ಲ. ನಾಳೆ ಪಕ್ಕದವನು ಬಂದು ಇದು ನಂದು ಅಂದ್ರೆ ಏನ್ ಮಾಡ್ತೀಯ?”

ಇದು ಜಮೀನಲ್ಲ, ಇದಕ್ಕೆ ದಿಕ್ಕಿಲ್ಲ ಎಂದೆ. ಹಾಗಾದರೆ ಇದು ಇರುವುದೆಲ್ಲಿ ಎಂದರು. ಕಂಪ್ಯೂಟರಿನ ಒಳಗೆ ಎಂದೆ. ಕಂಪ್ಯೂಟರ್ ಎಲ್ಲಿದೆ ಎಂದರು. ಮೇಜಿನ ಮೇಲೆ ಎಂದೆ. ಮೇಜಿಗೆ ದಿಕ್ಕಿದೆಯಲ್ಲ ಎಂದು ತಾವೇ ಬರೆಯಲು ಕೂತರು: ಪೂರ್ವಕ್ಕೆ ಜೆರಾಕ್ಸ್ ಯಂತ್ರ, ಪಶ್ಚಿಮಕ್ಕೆ ಗೋಡೆ, ಉತ್ತರಕ್ಕೆ ನೀರಿನ ಕ್ಯಾನು, ದಕ್ಷಿಣಕ್ಕೆ ಬರಹಗಾರರ ಕುರ್ಚಿ, ಈ ಮಧ್ಯೆ ಇರುವ ಸ್ವತ್ತು. ಟೀ ಅಂಗಡಿಯವನು ಒಂದು ಸಾಕ್ಷಿ, ಸೈಟು ರಿಜಿಸ್ಟರ್ ಮಾಡಿಸಲು ಬಂದಿದ್ದ ಯಾರೋ ಪುಣ್ಯಾತ್ಮ ಇನ್ನೊಂದು ಸಾಕ್ಷಿ. ಇಬ್ಬರ ಸಹಿ ಬಿದ್ದ ಮೇಲೆ ಕೈ ತೊಳೆದು ಬಂದು ಗುಂಡಿ ಒತ್ತಿದರು.

ಒಂದು ತಿಂಗಳಾದ ಮೇಲೆ ಅವರ ಫೋನು ಬಂತು. ಕೊನೆಗೂ ದೂರು ಬಂತು ಎಂದು ಪೆನ್ನು ಹಿಡಿದು ಕೂತೆ. ಸಿಸ್ಟಮ್ ಬಹಳ ಚೆನ್ನಾಗಿದೆ, ಅದರ ಮಾತೇ ಬೇಡ ಎಂದರು. ನೀರಿನ ಕ್ಯಾನನ್ನು ಬಾಗಿಲ ಹತ್ತಿರ ಇಟ್ಟಿದ್ದೇವೆ, ಉತ್ತರದ ಗಡಿ ಬದಲಾಗಿದೆ, ಕಂಪನಿಯಿಂದ ತಿದ್ದುಪಡಿ ಪತ್ರ ಕಳಿಸಿಕೊಡಬೇಕು.

೨. ಲಾರಿಗಳು

ನೆಲಮಂಗಲದ ಗೋದಾಮುಗಳ ಹತ್ತಿರ ಒಂದು ವೇಬ್ರಿಡ್ಜ್ ಇದೆ. ಲಾರಿಯನ್ನು ಸರಕಿನ ಸಮೇತ ನಿಲ್ಲಿಸಿ ತೂಗುವ ಜಾಗ. ಅಲ್ಲಿಯ ಗುಮಾಸ್ತರು ಬಹಳ ಮರ್ಯಾದಸ್ಥರು. ನಾನು ಹೋದಾಗಲೆಲ್ಲ ಕುರ್ಚಿ ಒರೆಸಿ ಹಾಕಿ, ಕಾಫಿ ತರಿಸಿ, ಫಸ್ಟ್ ಕ್ಲಾಸಾಗಿ ನಡೀತಿದೆ ಮೇಡಂ ಎನ್ನುತ್ತಿದ್ದರು. ನಾನು ಕಾಫಿ ಕುಡಿದು, ದೂರಿನ ಪುಸ್ತಕವನ್ನು ಖಾಲಿಯಾಗಿಯೇ ಚೀಲಕ್ಕೆ ಹಾಕಿಕೊಂಡು ಬರುತ್ತಿದ್ದೆ. ಈ ಹೊತ್ತಿಗೆ ಒಂದೂವರೆ ತಿಂಗಳಾಗಿತ್ತು, ಮ್ಯಾನೇಜರ್ ದಿನಾ ಮೆಸೇಜ್ ಹಾಕುತ್ತಿದ್ದ.

ಒಂದು ವಾರ ಹೇಳದೆ ಕೇಳದೆ ಎರಡು ಗಂಟೆ ಮುಂಚೆ ಹೋಗಿಬಿಟ್ಟೆ. ರಸ್ತೆ ಪಕ್ಕ ಹದಿನಾಲ್ಕು ಲಾರಿ ಸಾಲಾಗಿ ನಿಂತಿದ್ದವು. ಡ್ರೈವರುಗಳು ಹೊಂಗೆ ಮರದ ಕೆಳಗೆ ಟವೆಲ್ ಹಾಸಿ ಮಲಗಿದ್ದರು. ಒಳಗೆ ಪರದೆಯ ಮೇಲೆ ಒಂದು ಪುಟ್ಟ ಚಕ್ರ ತಿರುಗುತ್ತಿತ್ತು, ಬೇರೇನೂ ಇರಲಿಲ್ಲ. ಗುಮಾಸ್ತರು ನನ್ನನ್ನು ನೋಡಿದವರೇ ಎದ್ದು, ಪರದೆ ಕಾಣದ ಹಾಗೆ ಅಡ್ಡ ನಿಂತರು. ಅದು ಸ್ವಲ್ಪ ಸುಧಾರಿಸಿಕೊಳ್ಳುತ್ತಿದೆ ಎಂದರು. ಎಷ್ಟು ಹೊತ್ತಿನಿಂದ ಎಂದು ಕೇಳಿದೆ. ಹೊರಗಿನಿಂದ ಒಬ್ಬ ಡ್ರೈವರ್, ಬೆಳಿಗ್ಗೆಯಿಂದ ಎಂದ.

ನನಗೆ ಆದ ಸಂತೋಷ ಹೇಳತೀರದು. ಪುಸ್ತಕ ಬಿಡಿಸಿ ಮುಂದಿಟ್ಟು, ಇದನ್ನೇ ಬರೆಯಿರಿ ಸಾರ್ ಎಂದೆ. ಅವರು ಪೆನ್ನು ಮುಟ್ಟಲಿಲ್ಲ.

“ಬರೆದ್ರೆ ನಿಮ್ಮ ಮೇಲೆ ಬರಲ್ವಾ ಮೇಡಂ? ಬಿಸಿಲಲ್ಲಿ ಎರಡು ಬಸ್ಸು ಹತ್ತಿ ಬರ್ತೀರಿ. ನಿಮ್ಮ ಅನ್ನಕ್ಕೆ ಕಲ್ಲು ಹಾಕೋಕೆ ನನಗೆ ಮನಸ್ಸಿಲ್ಲ.”

ಎಲ್ಲ ಕಡೆಯೂ ನಡೆದಿದ್ದು ಇದೇ ಎಂದು ಆಗ ಗೊತ್ತಾಯಿತು. ಯಾರ ಕಂಪ್ಯೂಟರೂ ಸರಿಯಿರಲಿಲ್ಲ. ಎಲ್ಲರೂ ನನ್ನ ಮೇಲಿನ ಕರುಣೆಯಿಂದ ಬಾಯಿ ಮುಚ್ಚಿಕೊಂಡಿದ್ದರು. ನೀವು ಬರೆಯದಿದ್ದರೇ ನನ್ನ ಕೆಲಸ ಹೋಗುವುದು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಕಂಪನಿಯವರು ಹಾಗೆ ಹೇಳಿಸುತ್ತಾರೆ, ನೀವು ನಂಬಬೇಡಿ ಎಂದು ನನಗೇ ಬುದ್ಧಿ ಹೇಳಿದರು. ನಾನು ಏಳುವುದಿಲ್ಲ ಎಂದು ಹಟ ಹಿಡಿದು ಕೂತ ಮೇಲೆ ನನ್ನ ಮಾತಿಗೆ ಬೆಲೆ ಕೊಟ್ಟು ಏನೋ ಬರೆದು, ಪುಸ್ತಕ ಮಡಿಸಿ ಕೊಟ್ಟರು. ಬಸ್ಸಿನಲ್ಲಿ ತೆಗೆದು ನೋಡಿದೆ. ‘ತೊಂದರೆ: ಇಲ್ಲ. ಸಲಹೆ: ಮರದ ಕೆಳಗೆ ಎರಡು ಬೆಂಚು ಹಾಕಿಸಿಕೊಟ್ಟರೆ ಅನುಕೂಲ.’

೩. ಹೆಪ್ಪು

ಪ್ರತಿಯೊಂದು ಲೈಸೆನ್ಸಿಗೂ ಹದಿನಾರು ಅಕ್ಷರದ ಒಂದು ಕೀ ಇರುತ್ತದೆ. ಒಂದು ಕೀ ಒಂದೇ ಕಂಪ್ಯೂಟರಿಗೆ, ಬೇರೆಯವರಿಗೆ ಕೊಡುವಂತಿಲ್ಲ. ಒಂದು ದಿನ ಮ್ಯಾನೇಜರ್ ಗಾಬರಿಯಿಂದ ಫೋನ್ ಮಾಡಿದ. ಹೊಸಕೋಟೆಯ ಕೀ ಇಪ್ಪತ್ತಮೂರು ಕಂಪ್ಯೂಟರಿನಲ್ಲಿ ನಡೆಯುತ್ತಿದೆಯಂತೆ. ಕಂಪನಿಯ ವಕೀಲರು ಇದನ್ನು ಕಳ್ಳತನ ಎನ್ನುತ್ತಿದ್ದಾರಂತೆ.

ಆ ಕೀ ಕೊಟ್ಟಿದ್ದು ಪಿಲ್ಲಗುಂಪೆಯ ಹತ್ತಿರ ಫ್ಯಾಕ್ಟರಿ ಕೆಲಸದವರಿಗೆ ಅರ್ಜಿ ತುಂಬಿಕೊಡುವ ಒಬ್ಬ ಹೆಂಗಸಿಗೆ. ನನ್ನದೇ ವಯಸ್ಸು. ನಾನು ಓಡಿಕೊಂಡು ಹೋದರೆ, ಮೊದಲು ಮಜ್ಜಿಗೆ ಕುಡೀರಿ ಎಂದರು. ಕುಡಿಯುತ್ತಲೇ ವಿಷಯ ಹೇಳಿದೆ. ಅವರು ಒಂದಿಷ್ಟೂ ಮುಚ್ಚಿಡಲಿಲ್ಲ. ಯಾರ್‍ಯಾರಿಗೆ ಕೊಟ್ಟಿದ್ದೇನೆ ಎಂದು ಬರೆದಿಟ್ಟ ನೋಟ್‌ಬುಕ್ಕನ್ನೇ ತಂದು ನನ್ನ ಮುಂದಿಟ್ಟರು.

“ಪಕ್ಕದ ಮನೆಯವರು ಹೆಪ್ಪು ಕೇಳಿದ್ರೆ ಇಲ್ಲ ಅಂತೀವಾ ಅಕ್ಕಾ? ಕೊಟ್ಟಿದ್ದಕ್ಕೆ ನಮ್ಮ ಮೊಸರೇನು ಕಮ್ಮಿ ಆಯ್ತಾ?”

ಮಜ್ಜಿಗೆ ಲೋಟ ನನ್ನ ಕೈಯಲ್ಲೇ ಇತ್ತು. ಹೋಗಲಿ, ಆ ಇಪ್ಪತ್ತೆರಡು ಜನರಲ್ಲಿ ಒಬ್ಬರಾದರೂ ಏನಾದರೂ ಕೆಟ್ಟಿದೆ ಎಂದಿದ್ದಾರಾ ಎಂದು ಆಸೆಯಿಂದ ಕೇಳಿದೆ. ದಿನಾ ಫೋನ್ ಮಾಡುತ್ತಾರೆ, ಒಂದ್ಸಲ ಆಫ್ ಮಾಡಿ ಆನ್ ಮಾಡಿ ಅಂತ ಹೇಳುತ್ತೇನೆ ಎಂದರು. ಅದನ್ನು ಬರೆದುಕೊಡಿ ಎಂದೆ. ಪ್ರೀತಿಯಿಂದ ಕೊಟ್ಟ ವಸ್ತುವಿನ ಮೇಲೆ ದೂರು ಬರೆಯುವಷ್ಟು ಕೆಟ್ಟಿಲ್ಲ ನಾವು ಎಂದು ಇನ್ನೊಂದು ಲೋಟ ಮಜ್ಜಿಗೆ ಬಗ್ಗಿಸಿದರು.

ವಕೀಲರ ಹಟಕ್ಕೆ ಇಪ್ಪತ್ತೆರಡು ಕಂಪ್ಯೂಟರಿನಿಂದಲೂ ಅದನ್ನು ತೆಗೆಸಬೇಕಾಯಿತು. ಆಗಲಿ ಎಂದು ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರ ಹೆಸರಿಗೂ ಟಿಕ್ ಹಾಕುತ್ತಾ ಬಂದ ಆಕೆ ಚಿಂತಾಮಣಿಯ ಹೆಸರಿನ ಹತ್ತಿರ ನಿಂತರು. ಎದ್ದು ಬಾಗಿಲು ಹಾಕಿ ಬಂದು, ಅದು ಮಗಳನ್ನು ಕೊಟ್ಟ ಮನೆ, ಬೀಗರ ಹತ್ತಿರ ಕೊಟ್ಟಿದ್ದನ್ನು ವಾಪಸ್ ಕೇಳಲು ಆಗುವುದಿಲ್ಲ, ಬೇಕಾದರೆ ನಮ್ಮದನ್ನೇ ತೆಗೆದುಬಿಡಿ ಎಂದು ನನ್ನ ಕೈ ಹಿಡಿದುಕೊಂಡರು.

ಮ್ಯಾನೇಜರಿಗೆ ಮದುವೆಯಾಗಿ ಆರು ತಿಂಗಳಾಗಿತ್ತು. ಫೋನಿನಲ್ಲಿ ನಾನು ಬೀಗರು ಎಂದ ಕೂಡಲೇ, ಅದೊಂದು ಇರಲಿ ಬಿಡಿ ಮೇಡಂ, ವಕೀಲರಿಗೆ ನಾನು ಹೇಳ್ತೀನಿ ಎಂದ.

೪. ನವಿಲು

ಕೊನೆಯ ವಾರ ನಾನು ಭಿಕ್ಷೆ ಬೇಡುವಂತೆ ದೂರು ಬೇಡುತ್ತಾ ತಿರುಗಿದೆ. ಎಲ್ಲ ಕಡೆ ಕಾಫಿ ಸಿಕ್ಕಿತು. ಮ್ಯಾನೇಜರ್ ಪಾಪ, ಕೆಲಸ ಮುಗಿಸುವ ಕಾಗದ ಸಿದ್ಧವಾಗಿದೆ, ನನಗೂ ಬೇಜಾರಾಗಿದೆ ಮೇಡಂ ಎಂದ. ಇಷ್ಟು ವಯಸ್ಸಿಗೆ ಎರಡನೆಯ ಸಲ ಕೆಲಸ ಕಳೆದುಕೊಳ್ಳುವುದೆಂದರೆ ಸುಮ್ಮನೆ ಅಲ್ಲ.

ಕೊನೆಯ ದಿನ ಬೆಳಿಗ್ಗೆ ನಮ್ಮೂರಿನ ಡಿಸೈನ್ ಮಾಸ್ತರ ಫೋನು ಬಂತು. ಸೀರೆಗೆ ಬೇಕಾದ ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಬರೆದು, ಪೆನ್‌ಡ್ರೈವಿಗೆ ಹಾಕಿ ಮಗ್ಗಕ್ಕೆ ಕೊಡುವವರು ಅವರು. ನಮ್ಮಪ್ಪನ ಜೊತೆ ಒಂದೇ ಶೆಡ್ಡಿನಲ್ಲಿ ಮಗ್ಗ ನಡೆಸಿದವರು. ದೂರು ಬರೀಬೇಕಿತ್ತು ಕಣಮ್ಮ, ಬೇಜಾರು ಮಾಡ್ಕೋಬೇಡ ಎಂದರು. ಬೇಜಾರೇ? ಒಲೆ ಆರಿಸಿ, ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ, ಓಡಿದೆ.

ಒಳಗೆ ನಾಲ್ಕು ಮಗ್ಗ ಸುಮ್ಮನೆ ನಿಂತಿದ್ದವು. ಮಾಸ್ತರು ಸಾವಿನ ಮನೆಯಲ್ಲಿ ಕೂತವರ ಹಾಗೆ ಕೂತಿದ್ದರು. ಒಂದು ಸೀರೆಯ ಸೆರಗು ಬಿಡಿಸಿ, ನೋಡು ಹಾಳಾಗಿಹೋಯ್ತು ಎಂದರು. ಸೆರಗಿನ ಮೇಲೆ ನವಿಲು ನೆಟ್ಟಗೆ, ಚೆನ್ನಾಗಿಯೇ ನಿಂತಿತ್ತು. ಆಮೇಲೆ ಇನ್ನೊಂದು ಸೀರೆ ಬಿಡಿಸಿ, ಇದು ಸರಿಯಾಗಿರೋದು ಎಂದರು. ಅದರಲ್ಲಿ ನವಿಲು ತಲೆ ಕೆಳಗಾಗಿ ನೇತಾಡುತ್ತಿತ್ತು. ನನಗೆ ಅವರ ಆರೋಗ್ಯದ ಬಗ್ಗೆಯೇ ಯೋಚನೆಯಾಯಿತು.

ಆಗ ಮೊದಲಿನಿಂದ ಹೇಳಿದರು. ನಮ್ಮ ಸಿಸ್ಟಮ್ ಹಾಕಿದ ಮೊದಲ ವಾರದಿಂದಲೇ, ಪರದೆಯ ಮೇಲೆ ನೆಟ್ಟಗಿದ್ದ ನವಿಲು ಪೆನ್‌ಡ್ರೈವಿಗೆ ಹೋಗುವಾಗ ತಲೆ ಕೆಳಗಾಗುತ್ತಿತ್ತು. ಆರು ಸೀರೆ ನೇಯ್ದ ಮೇಲೆ ಅವರಿಗೆ ಗೊತ್ತಾಯಿತು. ಗೆಳೆಯನ ಮಗಳ ಕೆಲಸ ಹೋದೀತು ಎಂದು ಯಾರಿಗೂ ಹೇಳದೆ ಆರನ್ನೂ ಬೀರುವಿನಲ್ಲಿ ಮುಚ್ಚಿಟ್ಟರು. ಅವರ ಹೆಂಡತಿ ಅದರಲ್ಲೊಂದನ್ನು ಉಟ್ಟು ಪಕ್ಕದ ಬೀದಿಯ ಸೀಮಂತಕ್ಕೆ ಹೋದರು. ಅಲ್ಲಿದ್ದ ಹೆಂಗಸರೆಲ್ಲ ಅವರನ್ನು ಮುತ್ತಿಕೊಂಡು, ನನಗೊಂದು ನನಗೊಂದು ಎಂದರಂತೆ. ಯಾಕೆ ಎಂದು ಮಾಸ್ತರಿಗೆ ತಿಳಿದಿರಲಿಲ್ಲ. ಅದನ್ನು ಅವರ ಹೆಂಡತಿಯೇ ಒಳಗಿನಿಂದ ಬಂದು ಹೇಳಿದರು.

“ಇಷ್ಟು ದಿನ ನವಿಲು ಎದುರಿಗಿರೋರಿಗೆ ನೆಟ್ಟಗೆ ಕಾಣ್ತಿತ್ತು ಕಣಮ್ಮ. ಉಟ್ಟೋಳು ಬಗ್ಗಿ ನೋಡಿದ್ರೆ ತಲೆ ಕೆಳಗೆ. ಇದ್ರಲ್ಲಿ ಉಟ್ಟೋಳಿಗೇ ನೆಟ್ಟಗೆ ಕಾಣುತ್ತೆ. ನೇಯೋರ ಮನೆಗೆ ಬಂದು ಮೂವತ್ತು ವರ್ಷ ಆಯ್ತು, ನನಗೆ ಅಂತ ನೇಯ್ದ ಸೀರೆ ಇದೇ ಮೊದಲು.”

ಆ ಸೀರೆಯ ಸೆರಗನ್ನು ಹೆಗಲಿಗೆ ಹಾಕಿ, ಮುಂದಕ್ಕೆ ಎಳೆದುಕೊಂಡು ನೋಡಿದೆ. ನಿಜ, ನವಿಲು ನನ್ನನ್ನೇ ನೋಡುತ್ತಿತ್ತು. ಆ ಸೀಮಂತದ ದಿನದಿಂದ ನಾಲ್ಕು ಮಗ್ಗದಲ್ಲೂ ಅದೇ ಸೀರೆಯಂತೆ. ಹೋದ ಸೋಮವಾರ ಕಂಪನಿಯವರು ಹೊಸ ಆವೃತ್ತಿ ಕಳಿಸಿದರು. ಬೆಂಗಳೂರಿನಲ್ಲಿ ಯಾರೋ ತಪ್ಪನ್ನು ತಾವೇ ಕಂಡು ತಿದ್ದಿಬಿಟ್ಟಿದ್ದರು. ಇಲ್ಲಿ ನವಿಲುಗಳೆಲ್ಲ ಎದ್ದು ನಿಂತವು, ಮಗ್ಗಗಳು ಕೂತವು. ಕಂಪ್ಯೂಟರಿನಲ್ಲಿ ನೀವೇ ನವಿಲನ್ನು ತಿರುಗಿಸಿ ಹಾಕಬಹುದಲ್ಲ ಎಂದೆ. ತಿರುಗಿಸಿ ನೋಡಿದರಂತೆ. ನವಿಲೇನೋ ತಿರುಗುತ್ತದೆ, ಆದರೆ ಆ ತಪ್ಪಿನಲ್ಲಿ ಗರಿಗಳು ಒಂದೊಂದೆಳೆ ಜರುಗಿ ಗಾಳಿಗೆ ಅಲ್ಲಾಡಿದ ಹಾಗೆ ಬರುತ್ತಿದ್ದವು, ಅದು ತಮ್ಮ ಕೈಗೆ ಬರುತ್ತಿಲ್ಲ ಎಂದರು. ನಲವತ್ತು ವರ್ಷ ನವಿಲು ಬರೆದ ಕೈ ಅದು. ಹೇಳುವಾಗ ಅವರಿಗೆ ಸ್ವಲ್ಪ ಕಷ್ಟವೇ ಆಯಿತು.

ಪುಸ್ತಕ ಬಿಡಿಸಿ ಕೊಟ್ಟೆ. ಚೌಕುಳಿ ಕಾಗದದ ಮೇಲೆ ಚಿತ್ತಾರ ಬರೆಯುವವರಂತೆ ಒಂದೊಂದೇ ಅಕ್ಷರ ಕೂರಿಸಿ ಬರೆದರು. ‘ತೊಂದರೆ: ನೀವು ಸರಿ ಮಾಡಿದ್ದೀರಿ. ಕೋರಿಕೆ: ದಯವಿಟ್ಟು ಮೊದಲಿನಂತೆ ಕೆಡಿಸಿಕೊಡಿ.’

ಅದರ ಫೋಟೋ ತೆಗೆದು ಮ್ಯಾನೇಜರಿಗೆ ಕಳಿಸಿದೆ. ಇದನ್ನು ದೂರು ಎಂದು ಒಪ್ಪುತ್ತಾರೋ ಇಲ್ಲವೋ ಎಂದು ಮಾಸ್ತರ ಜಗಲಿಯಲ್ಲೇ ಮಧ್ಯಾಹ್ನದವರೆಗೆ ಕೂತೆ. ಎರಡು ಗಂಟೆಗೆ ಫೋನು ಬಂತು. ನಾನು ಬೇಡಿಕೊಳ್ಳಲು ಬಾಯಿ ತೆರೆಯುವ ಮೊದಲೇ ಅವನು ಮಾತಾಡಿದ.

“ಮೇಡಂ, ಪರೀಕ್ಷೆ ನಿಲ್ಲಿಸಲ್ಲ. ನೀವು ಇನ್ನೂ ಆರು ತಿಂಗಳು ಅಲ್ಲೇ ಇರ್ಬೇಕು. ಅದನ್ನ ಮೊದಲು ಹೇಗೆ ಕೆಡಿಸಿದ್ವಿ ಅಂತ ಇಲ್ಲಿ ಯಾರಿಗೂ ನೆನಪಿಲ್ಲ.”