ತೊಟ್ಟಿಲ ಕೊಂಡಿಗೆ ಮಂಚದ ಸೈಕಲ್

ಶರಣು, ಗೌರಿ, ಮಲ್ಲು, ನಿಮ್ಮ ಅಜ್ಜಿ ಒಂದು ಕಾಲದಲ್ಲಿ ಸೈಕಲ್ ರಿಪೇರಿಗೆ ಕೈಹಾಕಿದ್ದಳು ಎಂದರೆ ನೀವು ನಗುತ್ತೀರಿ. ನಗಿರಿ. ಮಸ್ಕಿಯ ಒಂದು ಓಣಿಯೇ ನಕ್ಕಾಗಿದೆ, ನೀವು ಮೂವರು ಹೆಚ್ಚೇನಲ್ಲ.

ಅದು ನಿಜಾಮರ ಕಾಲ. ನಾನು ಮದುವೆಯಾಗಿ ಮುಕ್ಕುಂದದಿಂದ ಮಸ್ಕಿಗೆ ಬಂದ ಹೊಸತು. ನಿಮ್ಮ ಅಜ್ಜ ಲಿಂಗಸುಗೂರಿನ ಕಚೇರಿಯಲ್ಲಿ ಗುಮಾಸ್ತರು. ಶುಕ್ರವಾರ ರಜೆ, ಆದ್ದರಿಂದ ಗುರುವಾರ ಸಂಜೆ ಊರಿಗೆ ಬರುತ್ತಿದ್ದರು. ಉಳಿದ ದಿನ ಮನೆಯಲ್ಲಿ ನಾನು ಮತ್ತು ಅತ್ತೆ. ಅತ್ತೆಗೆ ಕಿವಿ ಕೇಳುತ್ತಿರಲಿಲ್ಲ. ನನಗೆ ನಾಚಿಕೆಯಿಂದ ಮಾತು ಹೊರಡುತ್ತಿರಲಿಲ್ಲ. ಹೀಗಾಗಿ ನಮ್ಮಿಬ್ಬರ ನಡುವೆ ಎಂದೂ ಜಗಳವಾಗಲಿಲ್ಲ! ಆದರೆ ಗುರುವಾರದವರೆಗೆ ಆ ಮನೆಯಲ್ಲಿ ಬೀಸುವ ಕಲ್ಲಿನದೊಂದೇ ಸದ್ದು.

ಗುಡ್ಡದ ಕಲ್ಲಿನ ಮೇಲಿನ ಬರಹ ನೋಡಲು ಬಂದಿದ್ದ ಒಬ್ಬ ಬಿಳಿ ದೊರೆ, ಹೋಗುವಾಗ ತನ್ನ ಸೈಕಲ್ಲನ್ನು ನಿಮ್ಮ ಅಜ್ಜನಿಗೆ ಕೊಟ್ಟಿದ್ದ. ಅದು ಎಲ್ಲರ ಸೈಕಲ್ಲಿನಂತಲ್ಲ. ಕುರ್ಚಿಯಂಥ ಸೀಟಿಗೆ ಬೆನ್ನು ಒರಗಿಸಿ, ಕಾಲನ್ನು ಮುಂದಕ್ಕೆ ಚಾಚಿ, ಮಲಗಿಕೊಂಡೇ ತುಳಿಯಬೇಕು. ಊರವರು ಅದಕ್ಕೆ ಮಂಚದ ಸೈಕಲ್ ಎಂದರು. ಅಜ್ಜ ಬರುವಾಗ ದೂರದಿಂದ ಎರಡು ಚಪ್ಪಲಿಗಳಷ್ಟೇ ಕಾಣುತ್ತಿದ್ದವು. ಅವು ಕಂಡ ಕೂಡಲೇ ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ.

ಒಮ್ಮೆ ಚೈನು ಸಿಕ್ಕಿಕೊಂಡು ಗಾಲಿ ತಿರುಗದಾಯಿತು. "ಇನ್ನ ಗಾಡಿ ಸಿಕ್ಕಾಗ ಬರ್ತೀನಿ," ಎಂದು ಅಜ್ಜ ಸೈಕಲ್ಲನ್ನು ಒಳಕೋಣೆಯಲ್ಲಿ ಬಿಟ್ಟು ಹೋದರು. ಆ ಗುರುವಾರ ಗಾಡಿ ಸಿಗಲಿಲ್ಲ. ಮುಂದಿನ ಗುರುವಾರವೂ ಸಿಗಲಿಲ್ಲ. ಆಗ ನಾನು ತೀರ್ಮಾನಿಸಿದೆ: ಅವರು ಬರುವಷ್ಟರಲ್ಲಿ ಗುಟ್ಟಾಗಿ ರಿಪೇರಿ ಮಾಡಿಸಿಡಬೇಕು. ಆಮೇಲೆ ಒಂದು ಗುರುವಾರವೂ ತಪ್ಪಬಾರದು. ಅದರಲ್ಲೇನು ಕಷ್ಟ!

ಗಾಡಿ ಗಾಲಿ ಮಾಡುವ ಬಡಿಗೇರ ಮಾನಪ್ಪ ಬಂದು ಸೈಕಲ್ ಸುತ್ತ ತಿರುಗಿ ನೋಡಿದ.

"ತಂಗೀ, ಹಿಂಗ ನೆಲದ ಮ್ಯಾಲಿದ್ರ ಚೈನು ಬಿಡಿಸಾಕ ಬರಂಗಿಲ್ಲ. ಎರಡೂ ಗಾಲಿ ಗಾಳ್ಯಾಗ ಇರಬೇಕು. ಏನರ ಆಸರ ಮಾಡಿ ಕರಿ, ಬರ್ತೀನಿ."

ಬೇರೆ ಸೈಕಲ್ಲಾದರೆ ತಲೆಕೆಳಗು ಮಾಡಿ ನಿಲ್ಲಿಸಬಹುದು. ಇದು ತಲೆಕೆಳಗಾದ ತಕ್ಷಣ ಪಕ್ಕಕ್ಕೆ ಹೊರಳಿ ಮಲಗಿಬಿಟ್ಟಿತು. ಸವಾರನಂತೆಯೇ ವಾಹನ! ಒರಳಿನ ಮೇಲೆ ಏರಿಸಿದೆ. ಮುಂದಕ್ಕೆ ವಾಲಿ ನೀರಿನ ಕೊಡ ಒಡೆಯಿತು. ಎರಡು ಜೋಳದ ಚೀಲಗಳ ನಡುವೆ ನಿಲ್ಲಿಸಿದೆ. ಪೆಡಲು ತಾಗಿ ಚೀಲ ಹರಿಯಿತು. ಓಣಿಯ ಕೋಳಿಗಳೆಲ್ಲ ನಮ್ಮ ಮನೆಗೆ ಊಟಕ್ಕೆ ಬಂದವು.

ಸೋತು ಮೇಲೆ ನೋಡಿದೆ. ತೊಲೆಯಲ್ಲಿ ತೊಟ್ಟಿಲು ಕಟ್ಟುವ ಕೊಂಡಿಗಳು! ಈ ಸೈಕಲ್ಲಿಗೆಂದೇ ಅಳತೆ ಹಿಡಿದು ಹೊಡೆದಂತಿದ್ದವು. ಸರಪಳಿ ಮಾತ್ರ ಬೇಕಿತ್ತು. ಪಕ್ಕದ ಮನೆಯ ಹಂಪಮ್ಮನ ಹತ್ತಿರ ಇತ್ತು. ಹೋಗಿ, ತಲೆ ತಗ್ಗಿಸಿ ನಿಂತೆ.

"ಅಕ್ಕಾ, ತೊಟ್ಟಿಲ ಸರಪಳಿ ಕೊಡ್ತೀರೇನ್ರಿ?"

ಹಂಪಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಯಾಕವ್ವಾ?"

"ಬೇಕಾಗೇತ್ರಿ. ಯಾರ ಮುಂದೂ ಹೇಳಬ್ಯಾಡ್ರಿ. ಅವರಿಗೂ ಇನ್ನಾ ಗೊತ್ತಿಲ್ಲ."

ಮಕ್ಕಳೇ, ಒಬ್ಬ ಹೆಣ್ಣುಮಗಳು ತನ್ನ ಮೇಲೆ ತಾನೇ ಸುದ್ದಿ ಹಬ್ಬಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಮಾತು ಬೇಕೆ!

"ನನ್ನವ್ವಾ!" ಎಂದು ಹಂಪಮ್ಮ ನೆಟಿಗೆ ಮುರಿದು ದೃಷ್ಟಿ ತೆಗೆದಳು. "ಇಷ್ಟ ಲಗೂನ ತೊಟ್ಟಿಲ ಕಟ್ಟಬಾರದು, ಹುಚ್ಚಿ. ಇರಲಿ, ನೀ ಭಾರ ಎತ್ತಬ್ಯಾಡ. ನಾನಾ ತರ್ತೀನಿ."

ಎಷ್ಟು ಒಳ್ಳೆಯವಳು ಎಂದುಕೊಂಡೆ. ಅವಳು ತಂದ ಸರಪಳಿ ಕಂಡು ಅತ್ತೆಯ ಕಣ್ಣು ತುಂಬಿದಾಗಲೇ ಇವರೆಲ್ಲ ಏನೆಂದುಕೊಂಡಿದ್ದಾರೆಂದು ಹೊಳೆಯಿತು. ತಿಳಿಸಿ ಹೇಳಬೇಕಲ್ಲ! ಒಳಕೋಣೆಯ ಕಡೆ ಕೈ ತೋರಿಸಿದೆ. ನೆಲದ ಮೇಲೆ ಅಂಗಾತ ಒರಗಿ, ಕಾಲೆತ್ತಿ ಸೈಕಲ್ ತುಳಿದು ತೋರಿಸಿದೆ. ಅತ್ತೆ ಓಡಿಹೋಗಿ ದಿಂಬು ತಂದರು.

"ಸಂಕಟ ಆಗಾಕತ್ತೈತೇನವ್ವಾ? ಮಕ್ಕೊ, ಮಕ್ಕೊ."

ಮರುದಿನದಿಂದ ಓಣಿಯ ಹೆಂಗಸರು ಬಂದರು. ನಿಜ ಹೇಳಲು ಬಾಯಿ ತೆರೆದೆ. ಒಬ್ಬರು ಹುಣಸೆ ತೊಕ್ಕು ಇಟ್ಟರು. ಮತ್ತೆ ತೆರೆದೆ; ಇನ್ನೊಬ್ಬರು ಮಾದಲಿ ತುರುಕಿದರು. ಹೀಗೆ ಬಾಯಿ ತೆರೆದಷ್ಟೂ ತುಂಬಿತು. ಒಂದು ಮಾತು ಹೇಳುತ್ತೇನೆ: ನಾನು ಆ ಮನೆಗೆ ಬಂದ ಮೇಲೆ ಮೊದಲ ಸಲ ಅಲ್ಲಿ ಅಷ್ಟು ಮಾತು, ಅಷ್ಟು ನಗು. ಅದು ನಿಂತುಹೋಗಲಿ ಎಂದು ನನಗೂ ಅನಿಸಲಿಲ್ಲ.

ಇದರ ನಡುವೆ ಮಾನಪ್ಪ ಹಿತ್ತಲ ಬಾಗಿಲಿನಿಂದ ಬಂದು, ಸೈಕಲ್ಲನ್ನು ತೂಗುಹಾಕಿ ಚೈನು ಬಿಡಿಸಿ ಹೋದ. ನಾನು ಅದರ ಮೇಲೆ ಕೌದಿ ಹೊದಿಸಿದೆ.

ಸುದ್ದಿಗೆ ಗಾಡಿ ಬೇಕೆ? ಅದು ಲಿಂಗಸುಗೂರು ಮುಟ್ಟಿತ್ತು. ನಡುವಾರದಲ್ಲೇ, ಮಟಮಟ ಮಧ್ಯಾಹ್ನ, ಅಜ್ಜ ಏದುಸಿರು ಬಿಡುತ್ತಾ ಬಂದರು. ಕೈಯಲ್ಲಿ ಹಸಿರು ಬಳೆಗಳ ಗಂಟು. ಹೆಂಗಸರು ದಾರಿ ಬಿಟ್ಟರು. ಒಳಕೋಣೆಯಲ್ಲಿ ಕೌದಿ ಹೊದ್ದು ತೂಗುತ್ತಿದ್ದುದನ್ನು ಕಂಡು ಬೆಪ್ಪಾಗಿ ನಿಂತರು.

"ಹುಟ್ಟೇಬಿಟ್ಟೈತೇನು?"

ಕೌದಿ ಎತ್ತಿದರು. ಗಾಲಿಗಳು ಗಾಳಿಯಲ್ಲಿ ಮೆಲ್ಲಗೆ ತಿರುಗಿದವು.

ಹಂಪಮ್ಮ ಬಾಗಿಲಲ್ಲಿ ನಿಂತು ಇಣುಕಿದಳು. "ಯವ್ವಾ, ಇದೆಂಥಾ ಕೂಸಬೇ!"

"ಸಿಕ್ಕಿದ್ದ ಚೈನು ಬಿಟ್ಟೈತ್ರಿ," ಎಂದೆ. ಅಷ್ಟು ದಿನದಲ್ಲಿ ನನ್ನ ಬಾಯಿಂದ ಹೊರಟ ಒಂದೇ ನಿಜ ಅದು!

ಓಣಿ ನಕ್ಕಿತು. ಹಂಪಮ್ಮ ಎಣ್ಣೆ ಮೆತ್ತಿದ ಸರಪಳಿಯನ್ನು ಬಿಚ್ಚಿಸಿಕೊಂಡು, ಎರಡು ಬೆರಳಿನಲ್ಲಿ ಹಿಡಿದು ಹೋದಳು. ಅತ್ತೆ ಗಾಲಿಯನ್ನು ನೋಡಿದರು, ನನ್ನನ್ನು ನೋಡಿದರು, ಗೋಡೆಯ ಕಡೆ ತಿರುಗಿ ಕುಳಿತರು. ಅಜ್ಜ ಬಳೆಯ ಗಂಟನ್ನು ಗೂಡಿನಲ್ಲಿಟ್ಟರು.

"ಯಾಕ ಮಾಡಿಸಿದಿ ಇದನ್ನ?"

"ಗುರುವಾರ ತಪ್ಪಬಾರದಂತ."

ಅವರು ಗಾಲಿಯನ್ನೊಮ್ಮೆ ತಿರುಗಿಸಿ ನೋಡಿದರು. ಮರುದಿನ ಸೈಕಲ್ ಮೇಲೆ ಮಲಗಿ ಹೋದರು. ಮನೆಗೆ ಇನ್ನಾರೂ ಬರಲಿಲ್ಲ.

ಮುಂದಿನ ಗುರುವಾರ ದೀಪ ಹಚ್ಚಿ ಕಾದೆ. ಕತ್ತಲು ಕವಿದು, ಇನ್ನು ಬರುವುದಿಲ್ಲ ಎಂದುಕೊಳ್ಳುವಾಗ ಬಂದರು. ಸೈಕಲ್ಲನ್ನು ತಳ್ಳಿಕೊಂಡು, ಚೈನನ್ನು ಹೆಗಲಿಗೆ ಹಾಕಿಕೊಂಡು.

"ಅರ್ಧ ದಾರ್ಯಾಗ ಕೈ ಕೊಡ್ತು ನಿನ್ನ ಕೂಸು," ಎಂದರು. "ಇದೊಂದು ಇರದಿದ್ರ ದೀಪ ಹಚ್ಚೋದ್ರಾಗ ಮುಟ್ಟತಿದ್ದೆ!"

ಅಂದಿನಿಂದ ಸೈಕಲ್ಲಿಲ್ಲದೆ ಬಂದರು. ಗಾಡಿ ಸಿಕ್ಕಷ್ಟು ದೂರ ಗಾಡಿ, ಉಳಿದದ್ದು ನಡಿಗೆ. ಗುರುವಾರ ತಪ್ಪಲಿಲ್ಲ. ಈಗ ಅವರಿಲ್ಲ, ಗುರುವಾರಗಳು ಮಾತ್ರ ಬಂದು ಹೋಗುತ್ತವೆ.

ಮಸ್ಕಿಯ ಆ ಓಣಿಯಲ್ಲಿ ಈ ಕಥೆಯನ್ನು ಇಂದಿಗೂ ಹಂಪಮ್ಮ ಹೇಳಿದಂತೆಯೇ ಹೇಳುತ್ತಾರೆ. ಅಂದು ಬಾಯಿ ಬಿಡಲಾರದವಳು ಇಂದು ನನ್ನ ಪಾಲಿನ ಮಾತನ್ನು ಬರೆದಿದ್ದೇನೆ. ಇರುವುದು ಈ ಹಾಳೆಗಳಷ್ಟೇ, ಎಲ್ಲಾದರೂ ಜೋಪಾನವಾಗಿಡಿ. ತೊಲೆಗೆ ಮಾತ್ರ ತೂಗುಹಾಕಬೇಡಿ!