ಅರ್ಧ ಹೆಬ್ಬಟ್ಟಿನ ಬಿಸ್ಕೀಟು

ಸತ್ತವರು ಕನಸಿನಲ್ಲಿ ಬಂದರೆ ನೀರು ಕೇಳುತ್ತಾರೆ, ಇಲ್ಲವೇ ಹೊಸ ಸೀರೆ. ಗಜೇಂದ್ರಗಡದ ಹೇಮಪ್ಪನ ಅವ್ವ ರೇಣುಕವ್ವ ಬಿಸ್ಕೀಟು ಕೇಳಿದಳು. "ವರ್ಷದ ಎಡಿಗೆ ಹೋಳಿಗಿ ಬ್ಯಾಡಪಾ. ನಾ ಮಾಡತಿದ್ನಲ್ಲ, ಆ ಬಿಸ್ಕೀಟ ಇಡು."

ವರ್ಷದ ದಿನ ಅಂದೇ ಇತ್ತು. ಹೆಂಡತಿ ಶೈಲಶ್ರೀ ಜಕ್ಕಲಿಯಿಂದ ತವರಿನವರನ್ನು ಕರೆದುಕೊಂಡು ಸಂಜೆಗೆ ಬರುವವಳು. ಬದುಕಿದ್ದಾಗ ಏನೂ ಕೇಳದ ಅವ್ವ ಸತ್ತ ಮೇಲೆ ಒಂದು ಕೇಳಿದ್ದಾಳೆ, ಕೊಡದೆ ಹೇಗೆ?

ಗ್ಯಾಸು ಬಿಟ್ಟು ಒಲೆ ಹೂಡಿದ. ಅವ್ವನ ರೀತಿ ಗೊತ್ತಿತ್ತು: ಬೋಗಾಣಿಯಲ್ಲಿ ಉಸುಕು ಕಾಯಿಸಿ, ಅದರ ಮೇಲೆ ತಾಟಿಟ್ಟು, ಮುಚ್ಚಳಕ್ಕೆ ಕೆಂಡ ಸುರಿಯಬೇಕು. ಪ್ರತಿ ಬಿಸ್ಕೀಟಿಗೂ ಅವಳ ಅರ್ಧ ಹೆಬ್ಬಟ್ಟಿನ ಒತ್ತು. ಉಳಿದರ್ಧವನ್ನು ಅವಳು ದುಡಿಯುತ್ತಿದ್ದ ಅರಳೆ ಜಿನ್ನಿನ ಯಂತ್ರ ತಿಂದಿತ್ತು. ಮಾಲೀಕ ಕೊಟ್ಟ ಪರಿಹಾರ ಮರುದಿನದ ರಜೆ, ಅದೂ ಪಗಾರವಿಲ್ಲದ್ದು. ಚಲೋ ಬಿಸ್ಕೀಟು ಓಣಿಗೆ ಹಂಚಿ, ಕರಕಲು ತಾನು ತಿನ್ನುವುದು ಅವಳ ರೂಢಿ.

ಮೊದಲ ತಾಟು ಪೂರಾ ಕರಕಲಾಯಿತು. ಪಕ್ಕದ ಮನೆಯ ಮುತ್ತಣ್ಣ ಗೋಡೆಯ ಮೇಲಿಂದ ಇಣುಕಿದ. "ಹೇಮಪ್ಪಾ, ಎಡಿ ಮಾಡಾಕ ಹತ್ತಿಯೋ, ರೋಡಿಗೆ ಹಾಕೂ ಖಡಿ ಮಾಡಾಕ ಹತ್ತಿಯೋ?"

ಹಿಂದಿನ ಮಾಳಿಗೆಯಿಂದ ಇಂದಿರಾಬಾಯಿ ಕೂಗಿದರು: "ಹೊಗಿ ಈ ಕಡೆ ಬಿಡಬ್ಯಾಡೋ, ನನ್ನ ಮಡಿ ಕೆಡತದ!" ಈ ಮನೆಯ ನೀರನ್ನೂ ಮುಟ್ಟದವರು. ಅವ್ವನ ಹೆಣ ಹೋಗುವಾಗ ಕಿಡಕಿ ಮುಚ್ಚಿಕೊಂಡವರು.

ಕರಕಲನ್ನು ಒಲೆಯ ಪಕ್ಕದ ಮೂಲೆಗೆ ನೂಕಿ ಹೇಮಪ್ಪ ಎರಡನೆಯ ತಾಟಿಗೆ ತನ್ನ ದಪ್ಪ ಹೆಬ್ಬೆರಳು ಒತ್ತಿದ. ಹೊತ್ತು ಇಳಿಯುವಾಗ ಘಮ ಎದ್ದಿತು. ಅದರೊಳಗೆ ಅರಳೆ ಧೂಳಿನ ವಾಸನೆಯೂ ಇತ್ತು, ಅವ್ವನ ಸೆರಗಿನದು. ಅಷ್ಟರಲ್ಲಿ ಹಿತ್ತಲ ಬಾಗಿಲು. ಟಕ್. ಟಕ್. ಮೆಲ್ಲಗೆ, ರೂಢಿಯಿದ್ದವರ ಹಾಗೆ.

"ಯಾರ್ರೀ?"

ಒಲೆಯ ಬೆಂಕಿ ತಾನಾಗಿ ತಗ್ಗಿತು. ಬೋಗಾಣಿಯೊಳಗೆ ಯಾರೋ ಕೈಯಾಡಿಸಿದಂತೆ ಉಸುಕು ಸರಕ್ಕೆಂದಿತು. ಹೇಮಪ್ಪ ಹಗ್ಗ ಹರಿದ ಕರುವಿನಂತೆ ಮುಂಬಾಗಿಲಿನಿಂದ ಓಡಿ ಮುತ್ತಣ್ಣನ ಮೈಮೇಲೆ ಬಿದ್ದ.

"ಮುತ್ತಣ್ಣಾ, ನಮ್ಮವ್ವ ಬಂದಾಳ!"

"ಬರ್ಲಿ ಬಿಡೋ. ಅಕಿ ಮನಿಗೆ ಅಕಿ ಬರಾಕ ನಿನ್ನ ಕೇಳಬೇಕೇನು?"

ಇಬ್ಬರೂ ಒಳಹೊಕ್ಕರು. ಕೆಂಡದ ಮುಚ್ಚಳ ಪಕ್ಕಕ್ಕೆ ಇಳಿದಿತ್ತು. ಬೋಗಾಣಿಯ ತಾಟು ಬರಿದು. ಹಿತ್ತಲ ಬಾಗಿಲಿಗೆ ಒಳಗಿನ ಚಿಲಕ ಹಾಕಿದ್ದು ಹಾಕಿದಂತೆಯೇ ಇತ್ತು.

ತೆಗೆದು ನೋಡಿದರೆ ಹೊರಗೆ ಇಂದಿರಾಬಾಯಿ! ಸೆರಗಿನ ತುಂಬ ಬಿಸ್ಕೀಟು, ಬಾಯಿ ತುಂಬ ಬಿಸ್ಕೀಟು.

"ಬಾಯಾರ, ಮಡಿ ಎಲ್ಲಿ ಹೋತ್ರಿ?" ಮುತ್ತಣ್ಣ ಕೇಳಿದ.

"ಹಿತ್ತಲ ಬಾಗಲಕ್ಕ ಮಡಿ ಇಲ್ಲೋ." ಅವರು ಕಷ್ಟಪಟ್ಟು ನುಂಗಿದರು. "ರೇಣುಕಿ ಇದ್ದಾಗಿಂದ ಹಿಂಗ ನಡದದ. ಬಾಗಲಾ ಬಡಿಯೋದು, ಪದರ ಒಡ್ಡೋದು. ಕೈ ಅಷ್ಟ ನೋಡೋದು. ಮಾರಿ ನೋಡಿದ್ರ ಮೈಲಿಗಿ."

"ಅವ್ವನ ಎಡಿಗೆ ಒಂದಾದ್ರೂ ಕೊಡ್ರಿ." ಹೇಮಪ್ಪ ಕೈ ಚಾಚಿದ.

"ಎಲ್ಲಾ ಎಂಜಲಾ ಆಗ್ಯಾವಲ್ಲೋ. ಎಂಜಲಾ ಎಡಿಗೆ ಬರಂಗಿಲ್ಲ, ಶಾಸ್ತ್ರ ಅದ." ಅವರ ಕಣ್ಣು ಅವನ ಕೈಯ ಮೇಲೆ ನಿಂತಿತು. "ಅಲ್ಲೋ, ಈಗ ಕೊಟ್ಟಿದ್ದು ಈ ಕೈ ಅಲ್ಲ. ಅದರ ಹೆಬ್ಬಟ್ಟು ಅರ್ಧ..."

ಸೆರಗು ಜಾರಿ ಬಿಸ್ಕೀಟುಗಳು ಮಣ್ಣಿಗೆ ಉದುರಿದವು. ಒಂದೊಂದರ ಮೇಲೂ ಅರ್ಧ ಹೆಬ್ಬಟ್ಟು.

ಮುಂದಿನ ಕೋಣೆಯಿಂದ, ಅವ್ವನ ಫೋಟೋ ಇದ್ದ ಕಡೆಯಿಂದ, ಈಗಷ್ಟೇ ಬಂದ ಶೈಲಶ್ರೀಯ ದನಿ ಕೇಳಿತು:

"ಏನ್ರೀ, ಬುದ್ಧಿ ಐತೇನು ನಿಮಗ? ಅತ್ತೆವ್ವಗ ಕರಕಲ ಎಡಿ ಇಟ್ಟೀರಲ್ಲ! ಅದೂ ಒಂದು ಕಡದಿದ್ದು!"